ಒಲೆ ಬೇರೆಯಾದ ಅಸೆಂಬ್ಲರ್



1949ರಲ್ಲಿ ಕೇಂಬ್ರಿಡ್ಜಿನ ಎಡ್‌ಸ್ಯಾಕ್ ಕಂಪ್ಯೂಟರಿಗೆ ಡೇವಿಡ್ ವೀಲರ್ ಬರೆದುಕೊಟ್ಟದ್ದು ಬರೀ 31 ಆದೇಶಗಳ ಪ್ರೋಗ್ರಾಮು. ಕೂಡಲು ‘ಎ’, ಕಳೆಯಲು ‘ಎಸ್’ ಎಂದು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಕೊಟ್ಟರೆ ಸಾಕು, ಆ ಪುಟ್ಟ ಪ್ರೋಗ್ರಾಮು ಅದನ್ನು ಸೊನ್ನೆ-ಒಂದುಗಳಾಗಿ ಮಾಡಿ ಮೆಮೊರಿಯಲ್ಲಿ ಕೂರಿಸುತ್ತಿತ್ತು. ಅಸೆಂಬ್ಲರ್ ಎಂಬ ಪ್ರೋಗ್ರಾಮು ಇಂದಿಗೂ ಮಾಡುವುದು ಮೂಲತಃ ಇಷ್ಟನ್ನೇ.

1957ರಲ್ಲಿ ಐಬಿಎಂ 704 ಯಂತ್ರಕ್ಕೆ ಜಾನ್ ಬ್ಯಾಕಸ್ ತಂಡದ ಫೋರ್ಟ್ರಾನ್ ಕಂಪೈಲರ್ ಬಂತು. ಅದರಲ್ಲಿ ಆರು ಭಾಗ, ಆರನೆಯದೇ ಅಸೆಂಬ್ಲರ್. ಕಂಪೈಲರಿನ ಮನೆಯೊಳಗೇ ಇದ್ದ ಅದರ ಒಲೆ ಬೇರೆಯಾದದ್ದು ಯುನಿಕ್ಸ್ ಕಾಲದಲ್ಲಿ. 1970ರ ದಶಕ, ಬೆಲ್ ಲ್ಯಾಬ್ಸ್, ಪಿಡಿಪಿ-11 ಯಂತ್ರ. ಮೆಮೊರಿಗೆ ಬರಗಾಲ. ಎಲ್ಲವನ್ನೂ ಒಂದೇ ಪ್ರೋಗ್ರಾಮಿನಲ್ಲಿ ತುರುಕುವ ಹಾಗಿರಲಿಲ್ಲ. ಸಿ ಕಂಪೈಲರ್ ಅಸೆಂಬ್ಲಿಯನ್ನು, ಎಂದರೆ ಯಂತ್ರದ ಆದೇಶಗಳನ್ನು, ಅಕ್ಷರಗಳಲ್ಲಿ ಬರೆದು ಫೈಲಿಗಿಳಿಸುವುದು, ‘ಆ್ಯಸ್’ ಎಂಬ ಇನ್ನೊಂದು ಪ್ರೋಗ್ರಾಮು ಅದನ್ನು ಮೊದಲಿನಿಂದ ಓದುವುದು. ಜಿಸಿಸಿ ಕಂಪೈಲರ್ ಈಗಲೂ ಹೀಗೇ ನಡೆದುಕೊಳ್ಳುತ್ತದೆ.

ಇದರಲ್ಲೊಂದು ವಿಚಿತ್ರವಿದೆ. ಯಾವ ಆದೇಶ ಬೇಕೆಂದು ಕಂಪೈಲರಿಗೆ ಗೊತ್ತು. ಗೊತ್ತಿದ್ದದ್ದನ್ನು ಬರೆದು, ಬರೆದದ್ದನ್ನು ಇನ್ನೊಬ್ಬರಿಂದ ಓದಿಸಬೇಕೇಕೆ? ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯ ಬಳಗಕ್ಕೂ ಇದೇ ಪ್ರಶ್ನೆ ಕಾಡಿತು. 2010ರ ಹೊತ್ತಿಗೆ ಅವರು ಅಸೆಂಬ್ಲರನ್ನು ಮತ್ತೆ ಒಳಗೆ ಕರೆತಂದರು. ಪ್ರೊಸೆಸರಿನ ಆದೇಶಗಳ ವಿವರಣೆ ಒಂದೇ ಕಡೆ. ಅಸೆಂಬ್ಲಿ ಓದುವುದು, ಸಂಕೇತಕ್ಕಿಳಿಸುವುದು, ಮರಳಿ ಬಿಡಿಸಿ ತೋರಿಸುವುದು, ಎಲ್ಲಕ್ಕೂ ಅದೇ ಆಧಾರ.

ಈಗ ಆ ಬಳಗದ ಕ್ಲ್ಯಾಂಗ್ ಕಂಪೈಲರಿಗೆ ಕೈಬರಹದ ಅಸೆಂಬ್ಲಿ ಫೈಲು ಕೊಟ್ಟರೆ, ಸಾಮಾನ್ಯವಾಗಿ ಅದು ಹೊರಗಿನ ಯಾರನ್ನೂ ಕೂಗುವುದಿಲ್ಲ. ಹೆಸರಿನ ಕೊನೆಯಲ್ಲಿ ಸಣ್ಣ ಎಸ್ ಇದ್ದರೆ ನೇರ ಅಸೆಂಬ್ಲರಿಗೆ. ದೊಡ್ಡ ಎಸ್ ಇದ್ದರೆ ಮೊದಲು ಸಿ ಪ್ರೀಪ್ರೊಸೆಸರಿಗೆ. ಸಿ ಸಾಲುಗಳ ನಡುವೆ ಹೆಣೆದ ಅಸೆಂಬ್ಲಿಯಲ್ಲಿ ತಪ್ಪಿದ್ದರೆ ಬೆರಳು ತೋರಿಸುವುದೂ ನೀವು ಬರೆದ ಸಾಲಿಗೇ. ಮುಂಚೆ ದೂರು ಬರುತ್ತಿದ್ದದ್ದು ನೀವು ಕಣ್ಣಲ್ಲೂ ಕಾಣದ ತಾತ್ಕಾಲಿಕ ಫೈಲೊಂದರ ಮೇಲೆ. ನನ್ನ ಮಟ್ಟಿಗೆ, ವೇಗಕ್ಕಿಂತ ದೊಡ್ಡ ಲಾಭ ಇದೇ.

ಲಿನಕ್ಸ್ ಕರ್ನಲ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಜಿಸಿಸಿಯ ಜೊತೆಗಾರ ಗ್ನೂ ಅಸೆಂಬ್ಲರಿನ ವರಸೆಗಳನ್ನೇ ನಂಬಿ ವರ್ಷಾನುಗಟ್ಟಲೆ ಬರೆದ ಸಾಲುಗಳನ್ನು ಕ್ಲ್ಯಾಂಗ್ ಒಪ್ಪಲಿಲ್ಲ. ಕೆಲವನ್ನು ಕರ್ನಲ್‌ನಲ್ಲಿ ತಿದ್ದಿದರು, ಕೆಲವನ್ನು ಅಸೆಂಬ್ಲರಿಗೇ ಕಲಿಸಿದರು. 2021ರ 5.15 ಆವೃತ್ತಿಯಿಂದ, ಕ್ಲ್ಯಾಂಗ್ ಬಳಸುವವರಿಗೆ ಒಳಗಿನ ಅಸೆಂಬ್ಲರೇ ರೂಢಿಯಾಯಿತು. ಬೇಡವೆಂದವರಿಗೆ ಹೊರಗಿನದನ್ನು ಕರೆಯುವ ಆಯ್ಕೆ ಈಗಲೂ ಉಂಟು.

ಅತ್ತ ಜಿಸಿಸಿಗೆ ಹೆಣೆದ ಅಸೆಂಬ್ಲಿಯ ಒಳಗೇನಿದೆಯೆಂದು ಇವತ್ತಿಗೂ ತಿಳಿಯದು. ಎಷ್ಟು ಸಾಲಿದೆ ಎಂದು ಎಣಿಸಿ, ಅದರ ಮೇಲೆ ಗಾತ್ರವನ್ನು ಅಂದಾಜು ಮಾಡುತ್ತದೆ.