ಗೇರಿನ ಚಿಗುರೂ ಟೀ ಸೊಳ್ಳೆಯೂ



ಮಳೆಗಾಲ ಕಳೆದು ಚಳಿ ಕಾಲಿಡುವ ವೇಳೆಗೆ ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಗೇರುಮರಗಳು ಹೊಸ ಚಿಗುರನ್ನು ತಳೆದು, ಅದರ ಬೆನ್ನಿಗೇ ಹೂಗೊಂಚಲುಗಳನ್ನು ಬಿಡತೊಡಗಿದಾಗ, ಆ ಚಿಗುರೂ ಹೂವೂ ಒಮ್ಮೆಲೇ ಕರಟಿಹೋದುದನ್ನು ಕಂಡ ಕೃಷಿಕರು ಮಂಜನ್ನೋ ಮೋಡವನ್ನೋ ದೂರುವುದುಂಟು. ಆದರೆ ಅನೇಕ ವೇಳೆ ಆ ಅನರ್ಥಕ್ಕೆ ಕಾರಣವಾದುದು ಟೀ ಸೊಳ್ಳೆಯೆಂದು ರೂಢಿಯಲ್ಲಿ ಕರೆಯುವ ಒಂದು ಸಸ್ಯತಿಗಣೆ.

ಮಿರಿಡೇ ಎಂಬ ವಿಶಾಲ ಕೀಟಕುಟುಂಬಕ್ಕೆ ಸೇರಿದ ಇದರ ಕುಲಕ್ಕೆ 1858ರಲ್ಲಿ ಫ್ರೆಂಚ್ ಕೀಟವಿಜ್ಞಾನಿ ಸಿಗ್ನೊರೆ ಹೆಲೋಪೆಲ್ಟಿಸ್ ಎಂದು ಹೆಸರಿಟ್ಟನು. ಆಫ್ರಿಕದಿಂದ ನ್ಯೂಗಿನಿಯವರೆಗೆ ಹರಡಿರುವ ಇದರ ಸುಮಾರು 40 ಪ್ರಭೇದಗಳಲ್ಲಿ ಭಾರತದಲ್ಲಿ ಮುಖ್ಯವಾದವು ಮೂರು: ಗೇರು, ಪೇರಲ, ಬೇವುಗಳನ್ನು ಕಾಡುವ ಆಂಟೋನಿಯೈ, ಅಸ್ಸಾಮಿನ ಚಹಾತೋಟಗಳಲ್ಲಿ ಕುಖ್ಯಾತವಾದ ಥೈವೋರ, ಮತ್ತು ಬ್ರಾಡಿಯೈ.

ಆರರಿಂದ ಎಂಟು ಮಿಲಿಮೀಟರು ಉದ್ದದ ಕೃಶಕಾಯ, ಅದನ್ನೂ ಮೀರಿಸುವ ಮೀಸೆಗಳು, ಬೆನ್ನಿನ ನಡುವೆ ನೆಟ್ಟಗೆ ನಿಂತ ಗುಂಡುಸೂಜಿಯಂಥ ಕೊಂಬು, ಇವು ಈ ಕುಲದ ಲಕ್ಷಣಗಳು. ಹೆಣ್ಣು ತನ್ನ ಮೊಟ್ಟೆಯನ್ನು ಎಳೆಯ ದಂಟಿನೊಳಕ್ಕೇ ತೂರಿಸುವುದರಿಂದ ಅದು ಕಣ್ಣಿಗೆ ಬೀಳದಾದರೂ, ಮಸೂರ ಹಿಡಿದು ನೋಡಿದರೆ, ಒಂದಕ್ಕಿಂತ ಇನ್ನೊಂದು ಗಿಡ್ಡನೆಯ ಎರಡು ಬಿಳಿಯ ಎಳೆಗಳು ಹೊರಚಾಚಿರುವುದು ಕಾಣುವುದು. ಮೊಟ್ಟೆಯು ಉಸಿರಾಡುವುದು ಇವುಗಳ ಮೂಲಕವೇ.

ಕೀಟವು ಹೀರುವ ರಸ ಅತ್ಯಲ್ಪ. ಹಾನಿಯೆಲ್ಲವೂ ಅದು ಚುಚ್ಚುವಾಗ ಒಳಸೇರಿಸುವ ಜೊಲ್ಲಿನದು. ಆ ಜೊಲ್ಲು ತಾಗಿದ ಜೀವಕೋಶಗಳು ಸತ್ತು, ಚುಚ್ಚಿದೆಡೆಯಲ್ಲಿ ಅಂಟು ಒಸರಿ, ನೀರುಗಟ್ಟಿದ ಮಚ್ಚೆ ಕಂದಾಗಿ ಉದ್ದುದ್ದಕ್ಕೆ ಹಬ್ಬಿ, ಅಂಥ ಮಚ್ಚೆಗಳು ಒಂದನ್ನೊಂದು ಕೂಡಿದಾಗ ಕುಡಿಯೇ ಒಣಗುವುದು. ಆ ಗಾಯದ ಮೂಲಕ ಶಿಲೀಂಧ್ರಗಳೂ ಪ್ರವೇಶಿಸುವುವು.

ಇಷ್ಟು ಚಿಕ್ಕ ಶತ್ರುವಿಗಾಗಿ ಮನುಷ್ಯನು ಹೂಡಿದ ಅಸ್ತ್ರವಾದರೋ ಅತಿ ದೊಡ್ಡದು. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಗೇರುತೋಪುಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದುದು ಈ ಕೀಟದ ನಿಮಿತ್ತವೇ. ಅದರಿಂದ ಊರೂರುಗಳೇ ನೊಂದ ತರುವಾಯ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು.

ಆದರೆ ಈ ಕೀಟಕ್ಕೆ ನಿಸರ್ಗದಲ್ಲಿಯೇ ವೈರಿಗಳುಂಟು. ಎಲೆಗಳನ್ನು ಹೆಣೆದು ಗೂಡುಕಟ್ಟುವ ಚಗಳಿ ಇರುವೆಗಳು ಈ ಕೀಟವನ್ನು ಬೇಟೆಯಾಡುವುವು; ಜಾವದ ಕೋಕೋ ತೋಟಗಳಲ್ಲಿ ಇದೇ ಕುಲದ ಕೀಟಗಳನ್ನು ತಡೆಯಲು ಕಪ್ಪಿರುವೆಗಳನ್ನು ಬೆಳೆಗಾರರೇ ಸಾಕುತ್ತಿದ್ದರು. ವಿವೇಚನೆಯಿಲ್ಲದೆ ಸಿಂಪಡಿಸಿದ ಔಷಧವು ಮೊದಲು ಕೊಲ್ಲುವುದು ಇಂಥ ಮಿತ್ರರನ್ನೇ.

ಆದಕಾರಣ ಗೇರು ಬೆಳೆಯುವವರು ಚಿಗುರಿನ ಕಾಲದಲ್ಲಿ ಮುಂಜಾನೆಯೋ ಸಂಜೆಯೋ ತೋಟವನ್ನು ಸುತ್ತಿ, ಕುಡಿಗಳನ್ನು ಪರೀಕ್ಷಿಸಿ, ಕೀಟವಿರುವುದನ್ನು ಖಚಿತಪಡಿಸಿಕೊಂಡ ಬಳಿಕವೇ, ತಿಳಿದವರ ಸಲಹೆಯಂತೆ, ಔಷಧಕ್ಕೆ ಕೈಹಾಕಬೇಕೆಂದು ನನ್ನ ವಿನಂತಿ.