ಅಜೀಜನ ಮೇಲೂ ಒಂದು ಕಣ್ಣಿಡಿ

ಟೀವಿಯವನು ಬಂದಿದ್ದಾನೆ, ಮುಂದಿನ ಚುನಾವಣೆ ಯಾರು ಗೆಲ್ತಾರೆ ಅಂತ ಹೇಳ್ತಾನೆ ಅಂದುಕೊಂಡಿದ್ದರೆ ನಿರಾಸೆ ಆಗುತ್ತೆ. ಇವತ್ತು ಪುಸ್ತಕದ ಮಾತು. ಹಾಗಂತ ರಾಜಕೀಯ ತಪ್ಪೋದಿಲ್ಲ.

ರಾಜಕೀಯ ರೂಪಕದ ಕಾದಂಬರಿ ಅಂದ ಕೂಡಲೇ ಜಾರ್ಜ್ ಆರ್ವೆಲ್‌ನ 1945ರ 'ಅನಿಮಲ್ ಫಾರ್ಮ್' ನೆನಪಾಗುತ್ತೆ. ಹಂದಿ ನೆಪೋಲಿಯನ್ ಸರ್ವಾಧಿಕಾರಿ, ಒಪ್ಪೋಣ. ಆದರೆ ಯಾರಾದರೂ ಬಾಯಿ ತೆರೆಯುವ ಹೊತ್ತಿಗೆ ಘೋಷಣೆ ಕೂಗಿ ಅಡಗಿಸೋದು ಯಾರು? ಕುರಿಗಳು. ಕುರಿ ಹಿಂಡಿನ ಸದ್ದು ಹೇಗಿರುತ್ತೆ ಅಂತ ಶಿರಾದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅಲ್ಲೊಂದು ಬೆಕ್ಕೂ ಇದೆ. ಇಲಿಗಳು ನಮ್ಮವರೋ ಅಲ್ಲವೋ ಅಂತ ಮತಕ್ಕೆ ಹಾಕಿದರೆ, ಅದು ಎರಡೂ ಕಡೆ ಮತ ಹಾಕುತ್ತೆ! ಆ ಬೆಕ್ಕನ್ನ ನಾನು ಪ್ರತಿ ಚುನಾವಣೆಯಲ್ಲೂ ನೋಡ್ತೀನಿ.

ಕನ್ನಡದಲ್ಲಿ ಇದರ ಪಕ್ಕ ನಿಲ್ಲೋದು ಕಾದಂಬರಿಯಲ್ಲ, ಒಂದು ನಾಟಕ. ಗಿರೀಶ್ ಕಾರ್ನಾಡರ 'ತುಘಲಕ್', 1964ರದ್ದು. ನೆಹರೂ ಕಾಲದ ಕನಸು ಮುರಿದ ಕಥೆ ಅಂತ ಬಹಳ ಜನ ಅದನ್ನ ಓದಿದರು. ಸಿ.ಆರ್. ಸಿಂಹ ಅವರ ತುಘಲಕ್ ಎಲ್ಲರಿಗೂ ನೆನಪಿದೆ. ಆ ಪ್ರಯೋಗದಲ್ಲಿ ಅಜೀಜ್ ಆಗಿದ್ದವರು ಯಾರು? ನೋಡಿ, ಸಭೆ ಸುಮ್ಮನಾಯ್ತು.

ಅಜೀಜ್ ಅಗಸ. ತನ್ನ ಮೇಲೂ ದಾವೆ ಹೂಡಬಹುದು ಅಂತ ಸುಲ್ತಾನ ಸಾರಿದ್ದಾನೆ. ದೊಡ್ಡ ಆದರ್ಶ. ಆಸ್ಥಾನದವರು ಅದು ಸರಿಯೋ ತಪ್ಪೋ ಅಂತ ಚರ್ಚೆ ಮಾಡ್ತಿದ್ದರೆ, ಅಜೀಜ್ ಅದರಲ್ಲಿ ಲಾಭ ಎಲ್ಲಿದೆ ಅಂತ ಹುಡುಕ್ತಾನೆ. ಸರ್ಕಾರ ವಶಪಡಿಸಿಕೊಂಡ ಬ್ರಾಹ್ಮಣನೊಬ್ಬನ ಜಮೀನನ್ನ ಹಿಂದಿನ ತಾರೀಖಿನ ಪತ್ರದಲ್ಲಿ ಕೊಂಡು, ಅದೇ ಬ್ರಾಹ್ಮಣನ ವೇಷದಲ್ಲಿ ದಾವೆ ಗೆದ್ದು, ಪರಿಹಾರದ ಜೊತೆ ಸರ್ಕಾರಿ ನೌಕರಿಯನ್ನೂ ಹೊಡೀತಾನೆ. ಹಿಂದಿನ ತಾರೀಖಿನ ಪತ್ರ! ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದವರು ನಗ್ತಿದ್ದೀರಿ.

ರಾಜಧಾನಿ ದೌಲತಾಬಾದಿಗೆ ಹೊರಟಾಗ, ಮಗುವಿಗೆ ಔಷಧಿ ಬೇಕು ಅಂತ ಬಂದ ತಾಯಿಯ ಹತ್ತಿರ ಅವನು ಲಂಚ ಕೇಳ್ತಾನೆ. ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯ ಹೊಡೀತಾನೆ. ಸುಲ್ತಾನನ ಒಂದೊಂದು ಆಜ್ಞೆಯೂ ಜನರ ಮನೆ ಬಾಗಿಲಿಗೆ ಬರೋ ಹೊತ್ತಿಗೆ ಅಜೀಜನ ದಂಧೆ ಆಗಿರುತ್ತೆ. ಕೊನೆಗೆ ಸಿಕ್ಕಿಬಿದ್ದಾಗ ಸುಲ್ತಾನ ಅವನಿಗೆ ಶಿಕ್ಷೆ ಕೊಡೋದಿಲ್ಲ, ಅಧಿಕಾರಿ ಮಾಡಿ ದಖ್ಖನ್‌ಗೆ ಕಳಿಸ್ತಾನೆ. ದಖ್ಖನ್ ಅಂದ್ರೆ ನಮ್ಮ ಕಡೆಗೇ ಸ್ವಾಮಿ!

ನಾವು ಟೀವಿಯವರು ಸುಲ್ತಾನನ ಮುಖ ತೋರಿಸ್ತೀವಿ, ನೀವೂ ಅದನ್ನೇ ನೋಡ್ತೀರಿ. ಪಾವಗಡದ ಸೋಲಾರ್ ಪಾರ್ಕ್ ತಗೊಳ್ಳಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಕ್ಯಾಮೆರಾ ಉದ್ಘಾಟನೆಗೆ ಹೋಯ್ತು. ಜಮೀನನ್ನ ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರದ ಸೀಮೆಯ ರೈತನಿಗೆ ಅದು ಸಣ್ಣ ದುಡ್ಡಲ್ಲ. ಅಲ್ಲಿ ಮೋಸ ಆಗಿದೆ ಅಂತ ನಾನು ಹೇಳ್ತಿಲ್ಲ. ಗುತ್ತಿಗೆ ಹಣ ಹೋಗೋದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಡಲೇಕಾಯಿ ಕಿತ್ತು ಕೂಲಿ ತಗೊಳ್ತಿದ್ದ ಹೆಂಗಸಿನ ಹೆಸರು ಯಾವ ಪಹಣಿಯಲ್ಲಿದೆ? ಪಹಣಿಯಲ್ಲಿ ಯಾರ ಹೆಸರು ಕೂರಬೇಕು ಅನ್ನೋದು ದಿಲ್ಲಿಯಲ್ಲಿ ತೀರ್ಮಾನ ಆಗಲ್ಲ. ಅದು ನಾಡಕಚೇರಿಯ ಒಂದು ಮೇಜಿನ ಮೇಲೆ ಆಗುತ್ತೆ. ಆ ಮೇಜಿನ ಹಿಂದೆ ಪ್ರಾಮಾಣಿಕನಿದ್ದರೆ ಒಂದು ಕಥೆ, ಅಜೀಜ್ ಇದ್ದರೆ ಇನ್ನೊಂದು ಕಥೆ.

ತಿರುಮಣಿ ಕಡೆಯವರು ಯಾರಾದರೂ ಬಂದಿದ್ದೀರಾ? ಮೈಕ್ ಕೊಡ್ತೀನಿ. ಪಹಣಿ ಇಲ್ಲದವರು ಮೊದಲು ಮಾತಾಡಲಿ.