ಯಾವ ಕಾಲಂ ಮೊದಲು ಜಾಗ ಬಿಡಬೇಕು?



ಭರತ ಹುಣ್ಣಿಮೆಗೆ ಮಹಾರಾಷ್ಟ್ರದಿಂದಲೂ ಭಕ್ತರು ಚಕ್ಕಡಿ ಕಟ್ಟಿಕೊಂಡು ಮಾಯಕ್ಕನ ಜಾತ್ರೆಗೆ ಬರುವ ಊರು ಈ ಚಿಂಚಲಿ. ಇಂಥ ಊರಿನಲ್ಲಿ, ಮೊಬೈಲ್ ಪರದೆಯ ಕಾಲಂ ಅಗಲದ ಬಗ್ಗೆ ಎರಡು ದಿನ ಮಾತಾಡೋಣ ಎಂದು ಕರೆದ ಸಂಘಟಕರಿಗೆ ನನ್ನ ಕೃತಜ್ಞತೆಗಳು. ಚಿಂಚಲಿಯ ಕಬ್ಬಿನ ರೈತ ತನ್ನ ಲೆಕ್ಕವನ್ನು ಈಗ ಫೋನಿನಲ್ಲೇ ನೋಡುತ್ತಾನೆ. ಆದ್ದರಿಂದ ಈ ಮಾತು ಇಲ್ಲೇ ಆಗಬೇಕಿತ್ತು.

ಈ ಕ್ಷೇತ್ರದಲ್ಲಿ ಈವರೆಗೆ ಆದ ಕೆಲಸದ ಸಮೀಕ್ಷೆಯನ್ನು ನಾನು ಮಾಡುವುದಿಲ್ಲ. ಅದನ್ನು ಮಾಡಿದವರೇ ಎದುರಿಗೆ ಕೂತಿದ್ದಾರೆ. ಫಾಂಟಿನ ಸಾಲೆತ್ತರದ ಮೇಲೆ ಕೆಲಸ ಮಾಡಿದ ಗೆಳತಿ ಎರಡನೇ ಸಾಲಿನಲ್ಲಿದ್ದಾರೆ. ಒತ್ತಕ್ಷರದ ತಳ ಕತ್ತರಿಸಿಹೋಗುವ ಕಥೆಯನ್ನು ಅವರೇ ನಾಳೆ ಹೇಳುತ್ತಾರೆ. ಅವರ ಪಕ್ಕದ ಪ್ರೊಫೆಸರರು ಕಂದಾಯ ದಾಖಲೆಗಳ ಗಣಕೀಕರಣವನ್ನು ಹತ್ತಿರದಿಂದ ಕಂಡವರು. ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಸೇರಿದ್ದು ಎಷ್ಟು ದೊಡ್ಡ ಕೆಲಸವೆಂದು ಅವರಿಂದ ಕೇಳಬೇಕು. ನನಗೆ ಬಹಳ ವರ್ಷಗಳಿಂದ ಕಾಡುವುದು ಅದರ ಮುಂದಿನ ಮಾತು. ಅಗಲ ಕಾಗದಕ್ಕೆಂದು ಹುಟ್ಟಿದ ನಮೂನೆ ಅಂಗೈಗೆ ಬಂದಾಗ ಏನಾಗಬೇಕು?

ನಮ್ಮ ಭಾಗದಲ್ಲಿ ಪಹಣಿಗೆ ಉತಾರ ಅನ್ನುತ್ತೇವೆ. ಉತಾರ ಓದುವ ರೈತನಿಗೆ ಕಾಲಂಗಳು ನಂಬರಿನಿಂದಲೇ ಗೊತ್ತು. ಒಂಬತ್ತರಲ್ಲಿ ಮಾಲೀಕರು, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ. ಇವೆಲ್ಲ ಸೇರಿ ಕೂರಬೇಕಾದ ಜಾಗ ಎಷ್ಟು? ಆಂಡ್ರಾಯ್ಡ್ ಲೆಕ್ಕದಲ್ಲಿ ಸಾಧಾರಣ ಫೋನಿನ ಅಗಲ 360 ಡಿಪಿ. ಡಿಪಿ ಎಂದರೆ ಇಂಚನ್ನು 160 ಪಾಲು ಮಾಡಿದರೆ ಸಿಗುವ ಒಂದು ಪಾಲು. ಹೆಚ್ಚೂಕಡಿಮೆ ಎರಡೂಕಾಲು ಇಂಚು, ಅಷ್ಟೇ.

ನಾವು ದಾರಿ ತಪ್ಪಿದ್ದು ಇಲ್ಲೇ ಎಂದು ನಾನು ನಂಬಿದ್ದೇನೆ. ಅಕ್ಷರ ಬರುವ ಮೊದಲೇ ಅಗಲವನ್ನು ಹಂಚಿಬಿಟ್ಟೆವು. ಒಂದು ಕಾಲಂಗೆ ಎರಡು ಪಾಲು, ಇನ್ನೊಂದಕ್ಕೆ ಒಂದು ಪಾಲು. ಹೀಗೆ ಭಾಗ ಮಾಡಿದಾಗ ಪರದೆಯ ಮೇಲಿದ್ದದ್ದು ‘ನೇಮ್’, ‘ಏರಿಯಾ’ ಎಂಬ ಪುಟ್ಟ ಇಂಗ್ಲಿಷ್ ತಲೆಬರಹಗಳು. ಕನ್ನಡ ಕೊನೆಗೆ ಬಂತು, ಉಳಿದ ಜಾಗದಲ್ಲಿ ಮೈ ಹಿಡಿ ಮಾಡಿಕೊಂಡು ಕೂತಿತು.

ಒಳಗಿನ ಬರಹ ಅಳೆದು ಅಗಲ ನಿಶ್ಚಯಿಸುವ ದಾರಿ ಇಲ್ಲವೆಂದಲ್ಲ. ಆಪ್ ಕಟ್ಟುವ ಸಾಧನವಾದ ಫ್ಲಟರ್‌ನಲ್ಲಿ ಇಂಟ್ರಿನ್ಸಿಕ್ ಕಾಲಂ ವಿಡ್ತ್ ಎಂಬುದೇ ಇದೆ. ಆದರೆ ಅದು ಬಹಳ ದುಬಾರಿ ಎಂದು ಅದರ ದಾಖಲೆಯೇ ಎಚ್ಚರಿಸುತ್ತದೆ. ಚಿತ್ರಿಸುವ ಮೊದಲು ಆ ಕಾಲಂನ ಎಲ್ಲ ಕೋಶಗಳನ್ನೂ ಅಳೆಯಬೇಕಲ್ಲ! ಸಾವಿರ ಸಾಲಿನ ಪಟ್ಟಿಗೆ ಆ ಎಚ್ಚರಿಕೆ ಸರಿ. ರೈತನ ಲೆಕ್ಕದಲ್ಲಿ ಹತ್ತು ಸಾಲು ಇರುತ್ತವೆ. ಹತ್ತು ಸಾಲು ಅಳೆಯಲು ಇಂದಿನ ಯಾವ ಫೋನೂ ದಣಿಯುವುದಿಲ್ಲ. ಸಾವಿರ ಸಾಲಿನ ಭಯವನ್ನು ಹತ್ತು ಸಾಲಿನವನ ಮೇಲೆ ಹೇರಿದ್ದೇವೆ.

ಹೋದ ಹಂಗಾಮಿನಲ್ಲಿ ರಾಯಬಾಗದ ಕಡೆಯ ಹಿರಿಯರೊಬ್ಬರು ಕಬ್ಬಿನ ಬಿಲ್ಲು ತೋರಿಸುವ ಆಪ್ ಒಂದನ್ನು ನನ್ನ ಮುಂದೆ ಹಿಡಿದರು. ಹೆಸರಿನ ಕಾಲಂನಲ್ಲಿ ‘ಅಪ್ಪಾಸಾಹೇಬ ಬಾ’, ಮುಂದೆ ಮೂರು ಚುಕ್ಕಿ. ಕೆಳಗಿನ ಸಾಲಿನಲ್ಲೂ ಅದೇ ‘ಅಪ್ಪಾಸಾಹೇಬ ಬಾ’, ಅದೇ ಮೂರು ಚುಕ್ಕಿ. “ಸರ, ಇದ್ರಾಗ ನಂದ್ಯಾವ್ದು, ನಮ್ಮ ಕಾಕಾನ ಮಗಂದ್ಯಾವ್ದು ಹೇಳ್ರಿ” ಎಂದರು. ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆಲ್ಲ ಇಡುವ ಸೀಮೆ ನಮ್ಮದು. ಒಬ್ಬರು ಬಾಳಾಸಾಹೇಬರ ಮಗ, ಇನ್ನೊಬ್ಬರು ಬಾಬಾಸಾಹೇಬರ ಮಗ. ಇಬ್ಬರನ್ನು ಬೇರೆ ಮಾಡುವ ಅಕ್ಷರವನ್ನೇ ಆಪ್ ನುಂಗಿತ್ತು. ಪಕ್ಕದ ರೂಪಾಯಿ ಕಾಲಂನಲ್ಲಿ ‘1,2’, ಮತ್ತೆ ಚುಕ್ಕಿ. ಸಾವಿರದ ಇನ್ನೂರು ಚಿಲ್ಲರೆಯೋ, ಒಂದು ಲಕ್ಷದ ಇಪ್ಪತ್ತು ಸಾವಿರದ ಮೇಲೋ? ಅಲ್ಪವಿರಾಮದ ಜಾಗ ಎರಡಕ್ಕೂ ಒಂದೇ. ಇದನ್ನು ನಾನು ಅಂದಗೇಡು ಎಂದು ಕರೆಯುವುದಿಲ್ಲ. ಇದು ಸುಳ್ಳು ಲೆಕ್ಕ.

ಚುಕ್ಕಿ ಬೇಡವೆಂದು ಸಾಲು ಮುರಿಯಲು ಹೊರಟರೆ ಇನ್ನೊಂದು ತೊಡಕು. ಒಂದು ಅಕ್ಷರ ಎಲ್ಲಿಗೆ ಮುಗಿಯಿತು ಎಂದು ತಂತ್ರಾಂಶಕ್ಕೆ ಹೇಳುವುದು ಯುನಿಕೋಡ್. 2023ರ 15.1ನೇ ಆವೃತ್ತಿಯಲ್ಲಿ, ಸಂಯುಕ್ತಾಕ್ಷರವನ್ನು ನಡುವೆ ತುಂಡರಿಸಬಾರದೆಂಬ ನಿಯಮ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ ಮತ್ತು ತೆಲುಗಿಗೆ ಬಂತು. ನಮ್ಮಂತೆಯೇ ಒತ್ತು ಕೊಟ್ಟು ಬರೆಯುವ ತೆಲುಗು ಆ ಪಟ್ಟಿಯಲ್ಲಿದೆ, ಕನ್ನಡ ಇಲ್ಲ. ಹಾಗಾಗಿ ಎಲ್ಲಿ ಬೇಕಾದರೂ ಮುರಿಯಲು ಅನುಮತಿ ಕೊಟ್ಟ ಇಕ್ಕಟ್ಟಿನ ಕಾಲಂನಲ್ಲಿ ನಮ್ಮ ಚಿಕ್ಕೋಡಿ, ಮೇಲಿನ ಸಾಲಿನಲ್ಲಿ ‘ಚಿಕ್’, ಕೆಳಗಿನ ಸಾಲಿನಲ್ಲಿ ‘ಕೋಡಿ’ ಆಗಲು ಅಡ್ಡಿಯಿಲ್ಲ. ಮಾನದಂಡದ ಸಮಿತಿಗಳಿಗೆ ಪತ್ರ ಬರೆಯುವ ಅಭ್ಯಾಸವುಳ್ಳವರು ಈ ಸಭೆಯಲ್ಲಿದ್ದಾರೆ. ದಯವಿಟ್ಟು ಈ ವಿಷಯವನ್ನು ಕೈಗೆತ್ತಿಕೊಳ್ಳಿ.

ಕೋಷ್ಟಕವನ್ನೇ ಬಿಟ್ಟು ಪ್ರತಿ ಸಾಲನ್ನೂ ಒಂದೊಂದು ಕಾರ್ಡ್ ಮಾಡಿ ಎಂದು ಗೆಳೆಯರು ಸಲಹೆ ಕೊಡುತ್ತಾರೆ. ಒಬ್ಬರ ವಿವರ ತೋರಿಸಲು ಅದು ಒಳ್ಳೆಯದೇ. ಆದರೆ ಕಬ್ಬು ಕಳಿಸಿದವನು ಈ ಟ್ರಿಪ್ಪಿನ ತೂಕವನ್ನು ಹಿಂದಿನದರ ಜೊತೆ ತಾಳೆ ನೋಡಬೇಕು. ಅದಕ್ಕೆ ಕಣ್ಣು ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಕಾರ್ಡಿನಲ್ಲಿ ಆ ದಾರಿ ಮುಚ್ಚಿಹೋಗುತ್ತದೆ. ಪರದೆಯನ್ನು ಅಡ್ಡಕ್ಕೆ ಸರಿಸಲು ಬಿಡಿ ಎನ್ನುವವರೂ ಇದ್ದಾರೆ. ಬಲಗಡೆ ಇನ್ನೂ ಏನೋ ಇದೆ ಎಂದು ಗೊತ್ತಾದವನು ತಾನೇ ಸರಿಸುವುದು?

ಹಾಗಾದರೆ ಜಾಗ ಸಾಲದೆ ಹೋದಾಗ ಯಾವ ಕಾಲಂ ಮೊದಲು ಬಿಟ್ಟುಕೊಡಬೇಕು? ಅಂಕಿ ಎಂದೂ ಬಿಡಕೂಡದು, ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಎಕರೆ-ಗುಂಟೆಯಲ್ಲಿ 3-20 ಎಂದರೆ ಮೂರೂವರೆ ಎಕರೆ; ಕೊನೆಯ ಅಂಕಿ ಮರೆಯಾದರೆ ಅದೇ ಮೂರು ಎಕರೆ ಎರಡು ಗುಂಟೆ ಆಗುತ್ತದೆ. ತಲೆಬರಹ ಎರಡು ಸಾಲಾಗಬಹುದು. ಹೆಸರು ಪದದ ಕೊನೆಗೆ ಮುರಿದು ಕೆಳಗಿಳಿಯಬಹುದು. ಇಷ್ಟರವರೆಗೆ ನನಗೆ ದಾರಿ ಕಾಣುತ್ತದೆ. ಆದರೆ ಆಂಡ್ರಾಯ್ಡ್ 14ರಿಂದ ಅಕ್ಷರದ ಗಾತ್ರವನ್ನು ಶೇಕಡಾ 200ರವರೆಗೆ ಹಿಗ್ಗಿಸಬಹುದು. ಕಣ್ಣು ಮಂಜಾದ ಹಿರಿಯರು ಹಿಗ್ಗಿಸಿಯೇ ಓದುತ್ತಾರೆ. ಆಗ ಎರಡು ಅಂಕಿ ಕಾಲಂಗಳೇ ಪರದೆ ತುಂಬುತ್ತವೆ. ತೂಕ ಉಳಿಯಬೇಕೋ, ದುಡ್ಡು ಉಳಿಯಬೇಕೋ? ಅದನ್ನು ಆಪ್ ಬರೆದವನು ತೀರ್ಮಾನಿಸಬೇಕೋ, ಓದುವವನೋ? ಓದುವವನೇ ಎಂದರೆ, ಆ ಆಯ್ಕೆಯನ್ನು ಅವನಿಗೆ ಯಾವ ಗುಂಡಿಯಲ್ಲಿ ಕೊಡಬೇಕು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಓದಿದ ಪ್ರಬಂಧಗಳಲ್ಲೂ ಸಿಕ್ಕಿಲ್ಲ.

ಮಧ್ಯಾಹ್ನದ ಗೋಷ್ಠಿಗೆ ಊರಿನ ಕೆಲವು ಕಬ್ಬು ಬೆಳೆಗಾರರನ್ನು ಸಂಘಟಕರು ಕರೆದಿದ್ದಾರೆ. ಅವರ ಫೋನಿನಲ್ಲಿ ಅಕ್ಷರದ ಗಾತ್ರ ಹೇಗಿದೆಯೋ ಹಾಗೇ ಇರಲಿ, ಯಾರೂ ಬದಲಿಸಬೇಡಿ. ಅವರು ಯಾವ ಕಾಲಂ ಮೊದಲು ಹುಡುಕುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಚರ್ಚೆಯನ್ನು ಆ ಹಾಳೆಗಳಿಂದಲೇ ಶುರುಮಾಡೋಣ.